ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ನೋಡಿ

ಬೆಂಗಳೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಫ್ಲಶ್ ಸರಿ ಇಲ್ಲ ಎಂದು ಬರುವವರಲ್ಲಿ ಹೆಚ್ಚಿನವರು ಕೇಳುವುದು ಹೊಸ ಟ್ಯಾಂಕನ್ನೇ. "ಮುಚ್ಚಳ ತೆಗೆದು ನೋಡಿದ್ರಾ ಸಾರ್?" ಅಂದರೆ ಮುಖ ಹುಳ್ಳಗಾಗುತ್ತದೆ. ಅದರಲ್ಲಿರುವುದೂ ನಲ್ಲಿಗೆ ಬರುವ ನೀರೇ ಸ್ವಾಮಿ, ಕೈ ಹಾಕಿದರೆ ಮೈಲಿಗೆಯಾಗುವುದಿಲ್ಲ.

ಫ್ಲಶ್ಶಿಗೆ ಮೋಟರಿಲ್ಲ, ಕರೆಂಟು ಬೇಡ. ಗುಂಡಿ ಒತ್ತಿದರೆ ಟ್ಯಾಂಕಿನ ತಳದ ವಾಲ್ವ್ ಮೇಲೇಳುತ್ತದೆ. ನೀರು ಒಮ್ಮೆಲೇ ಕಮೋಡಿಗೆ ನುಗ್ಗಿ, ಒಳಗಿದ್ದದ್ದನ್ನು ಹಿಂದಿನ ಬಾಗಿದ ಪೈಪು ಹತ್ತಿಸಿ ಆಚೆ ಇಳಿಸುತ್ತದೆ. ಆ ಬಾಗಿನಲ್ಲಿ ಉಳಿಯುವ ನೀರೇ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು. ಸರಿಯಾಗಿ ಹೋಗುತ್ತಿಲ್ಲವೇ? ಅರ್ಧ ಬಕೆಟ್ ನೀರನ್ನು ಒಂದೇ ಏಟಿಗೆ ಸುರಿಯಿರಿ. ಸರಾಗವಾಗಿ ಹೋದರೆ ಲೈನ್ ಚೆನ್ನಾಗಿದೆ. ಟ್ಯಾಂಕಿನಲ್ಲಿ ನೀರು ಕಡಿಮೆ ನಿಲ್ಲುತ್ತಿದೆ, ಇಲ್ಲವೇ ಕಮೋಡಿನ ಅಂಚಿನ ತೂತುಗಳಲ್ಲಿ ಉಪ್ಪು ಕಟ್ಟಿದೆ. ಮೇಲೇರಿ ನಿಂತರೆ ಬ್ಲಾಕ್ ಆಗಿದೆ.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆ, ಹೇಗೋ ರಿಪೇರಿಯಾಗುತ್ತದೆ. ನನ್ನ ತಕರಾರು ಕಾಣದ್ದರ ಮೇಲೆ. ತಳದ ವಾಲ್ವಿಗೊಂದು ರಬ್ಬರ್ ವಾಷರ್ ಇರುತ್ತದೆ, ಬಳೆಯಷ್ಟಗಲ. ಬೋರ್ ನೀರಿನ ಬಿಳಿ ಉಪ್ಪು ಅದರಂಚಿಗೆ ಕೂತರೆ, ಅಥವಾ ರಬ್ಬರು ಗಡುಸಾದರೆ, ಕಮೋಡಿನ ಹಿಂಬದಿಯಲ್ಲಿ ಎಳೆಯಾಗಿ ನೀರು ಇಳಿಯುತ್ತಲೇ ಇರುತ್ತದೆ, ಸದ್ದಿಲ್ಲದೆ. ನಿಮಿಷಕ್ಕೆ 100 ಮಿಲಿಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 144 ಲೀಟರ್. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಮನೆಯಲ್ಲಿ ಇನ್ನೊಬ್ಬರಿದ್ದ ಹಾಗಾಯಿತು.

ಸರಪಳಿ ಎಳೆಯುವ ಹಳೇ ಕಬ್ಬಿಣದ ತೊಟ್ಟಿಗೆ ಈ ರೋಗ ಇರಲಿಲ್ಲ. ಒಂದೇಟಿಗೆ ಹತ್ತು ಲೀಟರಿಗೂ ಹೆಚ್ಚು ಸುರಿಯುತ್ತಿತ್ತು, ನಿಜ. ಆದರೆ ಅದು ಸೈಫನ್ನಿನಲ್ಲಿ ನಡೆಯುತ್ತಿದ್ದದ್ದು. ತಳದಲ್ಲಿ ಸೋರಲು ವಾಷರೇ ಇಲ್ಲ. ಬ್ರಿಟನ್ನಿನವರು ಇದೇ ಕಾರಣಕ್ಕೆ 2001ರವರೆಗೂ ಮನೆಗಳಲ್ಲಿ ವಾಲ್ವಿನ ಟ್ಯಾಂಕಿಗೆ ಅವಕಾಶ ಕೊಟ್ಟಿರಲಿಲ್ಲ. ನಾವು ಮೂರು-ಆರು ಲೀಟರಿನ ಎರಡು ಗುಂಡಿ ಹಾಕಿಸಿಕೊಂಡು ನೀರು ಉಳಿಸಿದೆವೆಂದು ಬೀಗುತ್ತೇವೆ. ಗೋಡೆಯೊಳಗೆ ಹುದುಗಿಸುವ ಟ್ಯಾಂಕಿನ ಶೋಕಿ ಬೇರೆ! ಅದರ ಬಿಡಿಭಾಗ ಹುಡುಕಿಕೊಂಡು ಬಂದವರನ್ನು ಕಂಡರೆ ನನಗೇ ಅಯ್ಯೋ ಅನಿಸುತ್ತದೆ.

ಪರೀಕ್ಷೆ ಸುಲಭ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರುತ್ತಿದೆ. ಒಳಗೆ ನೇರ ನಿಂತ ಓವರ್‌ಫ್ಲೋ ಕೊಳವೆಯ ಬಾಯಿಯವರೆಗೂ ನೀರಿದ್ದರೆ ಬಾಲ್‌ಕಾಕ್ ತಗ್ಗಿಸಿ. ಅದಕ್ಕಿಂತ ಕೆಳಗಿದ್ದೂ ಸೋರಿದರೆ ವಾಷರೇ. ಆಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ವಾಲ್ವನ್ನು ತುಸು ತಿರುಗಿಸಿದರೆ ಬಹುಪಾಲು ಟ್ಯಾಂಕುಗಳಲ್ಲಿ ಕೈಗೇ ಬರುತ್ತದೆ. ವಾಷರು ಕೂರುವ ಜಾಗವನ್ನು ವಿನೆಗರಿನ ಬಟ್ಟೆಯಲ್ಲಿ ಒರೆಸಿ, ಹೊಸ ವಾಷರ್ ಹಾಕಿ. ಆಸಿಡ್ ಮಾತ್ರ ಟ್ಯಾಂಕಿಗೆ ಸುರಿಯಬೇಡಿ.

2024ರ ಬೇಸಿಗೆಯಲ್ಲಿ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದಿತು. ಒಳ್ಳೆಯದೇ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರದು. ಆದರೆ ಅಪಾರ್ಟ್‌ಮೆಂಟಿನ ಬಚ್ಚಲಿಗೆ ಯಾರು ಬಂದು ನೋಡುತ್ತಾರೆ? ನೀರಿನ ಬಿಲ್ಲನ್ನು ಚದರಡಿ ಲೆಕ್ಕದಲ್ಲಿ ಹಂಚುವ ಕಡೆ ಸೋರಿಸುವವನಿಗೆ ಚುರುಕು ಮುಟ್ಟುವುದೇ ಇಲ್ಲ. ಫ್ಲಾಟಿಗೊಂದು ಮೀಟರ್ ಆಗಬೇಕು. ಆಗುವವರೆಗೆ, ಸಂಪ್ ತೊಳೆಸುವ ವಾರದಲ್ಲೇ ಅಸೋಸಿಯೇಷನ್ನಿನವರು ಮನೆಮನೆಗೂ ಬಣ್ಣದ ಪರೀಕ್ಷೆ ಮಾಡಿಸಿ, ವಾಷರಿನ ಖರ್ಚನ್ನು ಮೆಂಟೆನೆನ್ಸ್ ದುಡ್ಡಿನಲ್ಲೇ ಹಾಕಲಿ. ಐದು ಫ್ಲಾಟುಗಳ ಸೋರಿಕೆ ನಿಂತರೆ ಒಂಬತ್ತು ದಿನಕ್ಕೊಂದು 6000 ಲೀಟರಿನ ಟ್ಯಾಂಕರ್ ಉಳಿಯುತ್ತದೆ.