ಜಪಾನಿನ ಹಳೇ ಕಾರು: 10 ಲಕ್ಷದ ಗಾಡಿ 40 ಲಕ್ಷ ಆಗುವ ಲೆಕ್ಕ

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವು ಕಡೆ ಒಟ್ಟಿಗೆ ದಾಳಿ ಮಾಡಿ, ಒಂದೇ ದಿನ 36 ಗಾಡಿಗಳನ್ನು ಹಿಡಿದರು. ಕಾರ್ಯಾಚರಣೆಗೆ ಇಟ್ಟ ಹೆಸರು ‘ನುಮ್‌ಖೋರ್’. ಭೂತಾನಿನ ಭಾಷೆಯಲ್ಲಿ ಅದಕ್ಕೆ ವಾಹನ ಎಂದರ್ಥ. ಚಿತ್ರನಟರ ಮನೆಗೂ ಅಧಿಕಾರಿಗಳು ಹೋದದ್ದರಿಂದ ಟಿವಿಯವರಿಗೆ ಹಬ್ಬವೋ ಹಬ್ಬ. ನಟರ ವಿಷಯ ನಮಗೆ ಬೇಡ, ಆರೋಪ ಸಾಬೀತಾಗಬೇಕಷ್ಟೆ. ಆದರೆ ಹಿಡಿದ ಗಾಡಿಗಳಲ್ಲಿ ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪಟ್ರೋಲ್‌ನಂಥ ಜಪಾನ್ ಕಂಪೆನಿ ಗಾಡಿಗಳೂ ಇದ್ದವು. ಭೂತಾನ್ ದಾರಿಯಲ್ಲಿ ತಂದು, ಹಿಮಾಚಲದಂಥ ದೂರದ ರಾಜ್ಯಗಳಲ್ಲಿ ಸುಳ್ಳು ದಾಖಲೆ ಮೇಲೆ ನೋಂದಣಿ ಮಾಡಿಸಿ, ಆಮೇಲೆ ದಕ್ಷಿಣಕ್ಕೆ ತಂದು ಮಾರಿದ್ದಾರೆ ಎಂಬುದು ಕಸ್ಟಮ್ಸ್ ಆರೋಪ. ಅಕ್ಟೋಬರ್ 8ರಂದು ಇ.ಡಿ. ಕೂಡ ಕೇರಳ, ತಮಿಳುನಾಡಿನ 17 ಕಡೆ ಶೋಧ ನಡೆಸಿತು.

ಇದು ಕೇರಳದ ಸುದ್ದಿ, ನಮಗೇನು ಅನ್ನಬೇಡಿ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಪಿರಿಯಾಪಟ್ಟಣದಿಂದ ಕೊಡಗಿಗೆ ಹೋಗಿ ಘಟ್ಟ ಇಳಿದರೆ ಕಣ್ಣೂರು. ನಮ್ಮ ಕಡೆಗೆ ಹಳೇ ಗಾಡಿ ಬರುವ ದಾರಿಯೂ ಅದೇ, ಮದುವೆ ಸಂಬಂಧ ಬರುವ ದಾರಿಯೂ ಅದೇ. ಗಲ್ಫ್‌ನಲ್ಲಿ ದುಡಿದು ನಾಲ್ಕು ಕಾಸು ಮಾಡಿದ ಹುಡುಗರು ಹುಣಸೂರಿನಲ್ಲೂ ಇದ್ದಾರೆ, ಕೆ.ಆರ್. ನಗರದಲ್ಲೂ ಇದ್ದಾರೆ. ಅವರ ಮೊಬೈಲ್‌ನಲ್ಲಿ ಈಗ ಓಡುತ್ತಿರುವುದು ಸುಪ್ರಾ, ಸ್ಕೈಲೈನ್ ಕಾರುಗಳು. “ಉಸ್ತಾದ್, ಜಪಾನ್ ಹರಾಜಿನಲ್ಲಿ ತುಂಬ ಕಮ್ಮಿಗೆ ಸಿಗುತ್ತೆ, ತರಿಸಬಹುದಾ?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅಡ್ವಾನ್ಸ್ ಕೊಟ್ಟು ಕೂತವರೂ ಇದ್ದಾರೆ.

ಜಪಾನಿನಲ್ಲಿ ಹಳೇ ಗಾಡಿ ಅಗ್ಗ ಅನ್ನುವುದು ಸುಳ್ಳಲ್ಲ. ಅಲ್ಲಿ ಹೊಸ ಕಾರಿಗೆ 3 ವರ್ಷವಾದ ಮೇಲೆ ಸರ್ಕಾರಿ ತಪಾಸಣೆ, ಅದಾದ ಮೇಲೆ 2 ವರ್ಷಕ್ಕೊಮ್ಮೆ. ‘ಶಾಕೆನ್’ ಎನ್ನುವ ಈ ತಪಾಸಣೆಗೆ ಖರ್ಚು ಜೋರು. 13 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ತೆರಿಗೆಯೂ ಏರುತ್ತದೆ. ಹೀಗಾಗಿ ಜನ ಬೇಗ ಮಾರುತ್ತಾರೆ, ಗಾಡಿ ಹರಾಜಿಗೆ ಬರುತ್ತದೆ. ನಮ್ಮ ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲ್‌ಗೆ ಗ್ರೇಡ್ ಹಾಕುತ್ತಾರಲ್ಲ, ಹಾಗೇ ಪ್ರತಿ ಕಾರಿಗೂ ಅಂಕ ಹಾಕಿದ ಶೀಟು ಇರುತ್ತದೆ. ಅಲ್ಲಿಂದ ಹಡಗು ಹತ್ತಿದ ಗಾಡಿಗಳು ದುಬೈಗೂ ಬರುತ್ತವೆ. ರಾಸ್ ಅಲ್ ಖೋರ್‌ನ ಡುಕಾಮ್ಜ್ ಮಾರುಕಟ್ಟೆ ನೋಡಿದವರಿಗೆ ಗೊತ್ತು, ಬಲಗಡೆ ಸ್ಟೇರಿಂಗ್‌ನ ಗಾಡಿಗಳೇ ಸಾಲು ಸಾಲು. ಅವು ಹೋಗುವುದು ಹೆಚ್ಚಾಗಿ ಆಫ್ರಿಕಾ ದೇಶಗಳಿಗೆ. ಕೀನ್ಯಾದವರಿಗೆ ಸಿಗುವುದು ನಮಗ್ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ನಮ್ಮ ಹುಡುಗರಿಗೆ ಬರುವುದು ಸಹಜವೇ.

ಸಿಗದಿರಲು ಕಾರಣ ನಮ್ಮ ಆಮದು ನಿಯಮ. ಭಾರತಕ್ಕೆ ಬಳಸಿದ ಕಾರು ತರಬೇಕಾದರೆ ಅದು ತಯಾರಾಗಿ 3 ವರ್ಷ ಮೀರಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು (ಗಲ್ಫ್‌ನಲ್ಲಿ ಓಡಿಸುವ ಎಡಗಡೆಯ ಗಾಡಿ ಇಲ್ಲೇ ಬಿದ್ದುಹೋಯಿತು). ಹಡಗಿಗೆ ಹತ್ತಿಸುವ ಮೊದಲೇ ತಪಾಸಣೆ ಸರ್ಟಿಫಿಕೇಟ್ ಬೇಕು. ಇನ್ನೂ 5 ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು, ಅಷ್ಟು ಕಾಲ ಇಲ್ಲಿ ಸರ್ವೀಸ್ ಸಿಗುವ ಭರವಸೆಯೂ ಬೇಕು. ಇಳಿಸುವುದು ಮುಂಬೈ ಬಂದರಿನಲ್ಲಿ ಮಾತ್ರ. ಮಂಗಳೂರಲ್ಲೂ ಆಗದು, ಕೊಚ್ಚಿಯಲ್ಲೂ ಆಗದು. “ಕೊಚ್ಚಿನ್ ಪೋರ್ಟಲ್ಲಿ ನಮ್ಮ ಜನ ಇದ್ದಾರೆ” ಎಂದು ಬ್ರೋಕರ್ ಹೇಳಿದರೆ ಮಾತು ಅಲ್ಲೇ ಮುಗಿಸಿ ಎದ್ದು ಬನ್ನಿ.

ಈಗ ಹುಡುಗರ ಕನಸಿನ ಸ್ಕೈಲೈನ್ ಆರ್34 ನೋಡಿ. ಅದು ತಯಾರಾದದ್ದು 1999ರ ಆಸುಪಾಸಿನಿಂದ 2002ರವರೆಗೆ. ಅದಕ್ಕೆ ಇಲ್ಲಿ ದಾರಿಯೇ ಇಲ್ಲ. ಅಮೆರಿಕದಲ್ಲಿ 25 ವರ್ಷ ತುಂಬಿದ ಗಾಡಿಗೆ ವಿನಾಯಿತಿ ಇದೆ, ಅಲ್ಲಿಯವರು ತರಿಸಿಕೊಂಡು ವಿಡಿಯೊ ಮಾಡಿ ಹಾಕುತ್ತಾರೆ. ಆ ಕಾನೂನು ಅವರದ್ದು. ನಮ್ಮಲ್ಲಿ 50 ವರ್ಷ ದಾಟಿದ ವಿಂಟೇಜ್ ಗಾಡಿಗೆ ಬೇರೆ ನಿಯಮ ಇದೆ, ನಡುವಿನದ್ದಕ್ಕೆ ಇಲ್ಲ. 3 ವರ್ಷದೊಳಗಿನ ಗಾಡಿ ಜಪಾನಿನಲ್ಲೂ ಅಗ್ಗವಲ್ಲ ಅನ್ನುವುದನ್ನು ಬ್ರೋಕರ್ ಹೇಳುವುದಿಲ್ಲ.

ಇನ್ನು ತೆರಿಗೆ. ಲೆಕ್ಕ ಸುಲಭವಾಗಲಿ ಎಂದು ಗಾಡಿ ಬೆಲೆ, ಹಡಗು ಬಾಡಿಗೆ, ಇನ್ಶೂರೆನ್ಸ್ ಸೇರಿ 10 ಲಕ್ಷ ಅಂದುಕೊಳ್ಳಿ. ಆ ಜಾತಿಯ ಗಾಡಿ ಅಷ್ಟಕ್ಕೆ ಬರುವುದಿಲ್ಲ, ಇರಲಿ. ಬಳಸಿದ ಕಾರಿಗೆ ಕಸ್ಟಮ್ಸ್‌ನಲ್ಲಿ ಎಲ್ಲ ಸೇರಿ ಶೇ. 137.5. 2025ರ ಬಜೆಟ್‌ನಲ್ಲಿ ಮೂಲ ಸುಂಕ ಇಳಿಸಿದರು ಎಂದು ಕುಣಿದವರಿದ್ದರು, ಆದರೆ ಇಳಿಸಿದ್ದನ್ನು ಸೆಸ್ ಹೆಸರಲ್ಲಿ ವಾಪಸ್ ಹಾಕಿದರು, ಒಟ್ಟು ಮೊತ್ತ ಅಲ್ಲೇ ನಿಂತಿತು. ಅಲ್ಲಿಗೆ 23 ಲಕ್ಷದ 75 ಸಾವಿರ. ಅದರ ಮೇಲೆ ದೊಡ್ಡ ಎಂಜಿನ್ ಗಾಡಿಗೆ ಈಗಿನ ಜಿಎಸ್‌ಟಿ ಶೇ. 40, ಅಂದರೆ 9.5 ಲಕ್ಷ. ಮುಂಬೈಯಿಂದ ಹೊರಬರುವಾಗ 33 ಲಕ್ಷದ 25 ಸಾವಿರ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ. 18, ಆ ತೆರಿಗೆ ಮೇಲೆ ಮತ್ತೆ ಶೇ. 11 ಸೆಸ್. ಹುಣಸೂರಿನ ಕೆಎ-45 ನಂಬರ್ ಬೀಳುವಾಗ 40 ಲಕ್ಷಕ್ಕೆ ಬಂದು ನಿಂತಿರುತ್ತದೆ. ಪರೀಕ್ಷೆ, ಏಜೆಂಟ್, ಲಾರಿ ಖರ್ಚು ಇದರಲ್ಲಿ ಸೇರಿಲ್ಲ. ನೆಲಕ್ಕೆ ತಾಗುವಂಥ ಆ ಗಾಡಿಯನ್ನು ಕೋಟೆ ರಸ್ತೆಯ ಹಂಪುಗಳ ಮೇಲೆ ಹೇಗೆ ಓಡಿಸುತ್ತಾರೋ, ಅಲ್ಲಾಹನೇ ಬಲ್ಲ.

ಈ ಲೆಕ್ಕ ತಿಳಿದ ಮೇಲೂ “ಅರ್ಧ ರೇಟಿಗೆ ತಂದುಕೊಡುತ್ತೇನೆ” ಎನ್ನುವವನ ಹತ್ತಿರ ಇರುವುದು ಅಡ್ಡದಾರಿಗಳು ಮಾತ್ರ. ಒಂದು, ಮೇಲೆ ಹೇಳಿದ ಭೂತಾನ್ ದಾರಿ. ಎರಡು, ರಾಜತಾಂತ್ರಿಕರ ಹೆಸರಲ್ಲಿ ಸುಂಕವಿಲ್ಲದೆ ತರುವುದು. 2021ರ ಜುಲೈಯಲ್ಲಿ ಡಿಆರ್‌ಐ ‘ಮಾಂಟೆ ಕಾರ್ಲೊ’ ಹೆಸರಿನ ಕಾರ್ಯಾಚರಣೆಯಲ್ಲಿ ಹಿಡಿದದ್ದು ಇದನ್ನೇ. ಮೂರನೆಯದು ಕಾರ್ನೆಟ್. ಗಲ್ಫ್ ನಂಬರಿನ ಗಾಡಿಯನ್ನು 6 ತಿಂಗಳಿಗೆ ತಂದು ಓಡಿಸಬಹುದು, ಆದರೆ ವಾಪಸ್ ಕೊಂಡೊಯ್ಯಲೇಬೇಕು. ಅದನ್ನು ಇಲ್ಲಿ ಮಾರುತ್ತೇನೆ ಎಂದರೆ ಕಳ್ಳಸಾಗಣೆ.

ನನಗೆ ಹೆಚ್ಚು ಭಯ ನಾಲ್ಕನೆಯದರದ್ದು. ಅದರಲ್ಲಿ ಸಿಕ್ಕಿಕೊಳ್ಳುವುದು ದುಡ್ಡಿದ್ದವನಲ್ಲ, ನಮ್ಮ ಬಡ ಗಲ್ಫ್ ಕೆಲಸಗಾರ. ಎರಡು ವರ್ಷ ಹೊರಗಿದ್ದು ಕಾಯಂ ಊರಿಗೆ ಬರುವವನು ತನ್ನ ಸ್ವಂತ ಕಾರು ತರಲು ನಿಯಮದಲ್ಲಿ ಅವಕಾಶ ಇದೆ. ಸುಂಕದಲ್ಲಿ ರಿಯಾಯಿತಿ ಇಲ್ಲ, ಬಂದ ಕೂಡಲೇ ಮಾರುವಂತೆಯೂ ಇಲ್ಲ. ಹೀಗೆ ಮರಳುವವರ ಪಾಸ್‌ಪೋರ್ಟ್ ಪಡೆದು, ಅವರ ಹೆಸರಲ್ಲಿ ಶ್ರೀಮಂತರ ಗಾಡಿ ತಂದ ಪ್ರಕರಣಗಳನ್ನು ಡಿಆರ್‌ಐ ಹಿಂದೆ ಹಿಡಿದಿದೆ. ಪಾಸ್‌ಪೋರ್ಟ್ ಕೊಟ್ಟವನಿಗೆ ಸಿಗುವುದು ಚೂರುಪಾರು ಹಣ. ಆದರೆ ಕಾಗದದಲ್ಲಿ ಆಮದುದಾರ ಅವನೇ. ನೋಟಿಸ್ ಬರುವುದು ಉಮ್ಮ ಒಬ್ಬರೇ ಇರುವ ಪಿರಿಯಾಪಟ್ಟಣದ ಮನೆಗೆ. ಪಾಸ್‌ಪೋರ್ಟ್, ಆಧಾರ್ ಯಾರಿಗೂ “ಸ್ವಲ್ಪ ದಿನಕ್ಕೆ” ಕೊಡಬೇಡಿ, ಕೇಳಿದವನು ನೆಂಟನೇ ಆಗಲಿ.

ತೆರಿಗೆ ತಪ್ಪಿಸಿದರೆ ಪಾಪವಾ ಎಂದು ಕೆಲವರು ವಾದಕ್ಕೆ ಬರುತ್ತಾರೆ. ಆ ಚರ್ಚೆಯನ್ನು ದೊಡ್ಡ ಉಲಮಾಗಳಿಗೆ ಬಿಡೋಣ. ಇಲ್ಲಿ ನಡೆಯುವುದು ಸುಳ್ಳು ದಾಖಲೆ, ಸುಳ್ಳು ಸಹಿ. ಅದಕ್ಕೆ ಯಾವ ಮದ್ಹಬ್‌ನಲ್ಲೂ ಅನುಮತಿ ಇಲ್ಲ. ಅಡ್ವಾನ್ಸ್ ವಿಷಯವೂ ಹಾಗೆಯೇ. ವ್ಯಾಪಾರ ಮುರಿದರೆ ಕೊಟ್ಟ ಮುಂಗಡ ಮಾರಿದವನಿಗೇ ಎನ್ನುವ ಒಪ್ಪಂದಕ್ಕೆ ‘ಉರ್ಬೂನ್’ ಎನ್ನುತ್ತಾರೆ. ಹಂಬಲಿಯವರು ಒಪ್ಪುತ್ತಾರೆ, ನಮ್ಮ ಶಾಫಿಈ ಮದ್ಹಬ್‌ನಲ್ಲಿ ಅದು ಸಿಂಧುವಲ್ಲ. ತನ್ನ ಕೈಯಲ್ಲಿ ಇಲ್ಲದ, ಜಪಾನಿನ ಯಾವುದೋ ಅಂಗಳದಲ್ಲಿ ನಿಂತ ಗಾಡಿಯನ್ನು “ಇದು ನನ್ನದು, ನಿನಗೆ ಮಾರಿದೆ” ಎಂದು ಬ್ರೋಕರ್ ಹೇಳಿದರೆ ಆ ಮಾರಾಟವೇ ಆಗುವುದಿಲ್ಲ. ಕಮಿಷನ್ ಇಷ್ಟು ಎಂದು ಮೊದಲೇ ಹೇಳಿ, ನಿಮ್ಮ ವಕೀಲನಾಗಿ ತರಿಸಿಕೊಟ್ಟರೆ ಅದು ಬೇರೆ.

ಈಗಾಗಲೇ ಇಲ್ಲಿಗೆ ಬಂದಿರುವ ಆಮದು ಗಾಡಿ ಕೊಳ್ಳುವವರಿಗೂ ಒಂದು ಮಾತು. ಆರ್‌ಸಿ ಇದೆ, ಪರಿವಾಹನ್‌ನಲ್ಲಿ ತೋರಿಸುತ್ತದೆ ಎಂದು ನಂಬಿ ಕೂರಬೇಡಿ. ಪರಿವಾಹನ್ ದಾಖಲೆಯನ್ನೇ ತಿದ್ದಿದ್ದಾರೆ ಎಂದು ಕೊಚ್ಚಿ ಕಸ್ಟಮ್ಸ್‌ನವರು ಹೇಳಿದ್ದಾರೆ. ಕೇಳಬೇಕಾದದ್ದು ಬಿಲ್ ಆಫ್ ಎಂಟ್ರಿ ಮತ್ತು ಸುಂಕ ಕಟ್ಟಿದ ರಸೀದಿ. ಅದರ ಚಾಸಿ ನಂಬರನ್ನು ಗಾಡಿಯ ಮೇಲಿನದ್ದಕ್ಕೆ ಹೋಲಿಸಿ ನೋಡಿ. ಹೊರರಾಜ್ಯದ ನಂಬರ್ ಇದ್ದರೆ 12 ತಿಂಗಳು ಮೀರುವ ಮುಂಚೆ ಇಲ್ಲಿಯ ನೋಂದಣಿ ಆಗಬೇಕು, ತೆರಿಗೆಯೂ ಕಟ್ಟಬೇಕು. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಆರ್‌ಟಿಒದವರು ಸುಮಾರು 1.4 ಕೋಟಿ ವಸೂಲಿ ಮಾಡಿದ್ದು ಇದಕ್ಕೇ.

ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಮುಟ್ಟುಗೋಲು ಬೀಳುವುದು ಗಾಡಿಗೆ, ಅದು ಈಗ ಯಾರ ಕೈಯಲ್ಲಿ ಇದ್ದರೂ ಸರಿ. ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಬಾಂಡ್, ಜಾಮೀನು ಹಣ ಕೊಡಬೇಕು. ಮಾರಿದವನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ. ಅಡ್ವಾನ್ಸ್ ಕೊಟ್ಟವರು ಈ ವಾರವೇ ಬ್ರೋಕರ್ ಹತ್ತಿರ ಎರಡು ಪ್ರಶ್ನೆ ಕೇಳಿ: ಗಾಡಿ ತಯಾರಾದ ತಿಂಗಳು ಯಾವುದು, ಇಳಿಯುವ ಬಂದರು ಯಾವುದು? 3 ವರ್ಷದೊಳಗೆ, ಮುಂಬೈ ಎಂಬ ಉತ್ತರ ಲಿಖಿತವಾಗಿ ಬರದಿದ್ದರೆ ದುಡ್ಡು ವಾಪಸ್ ಕೇಳಿ. ಕೇಳುವಾಗ ಜಮಾಅತ್‌ನ ಹಿರಿಯರಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.