ಕಟ್ಟೆಯ ನೀರಿಗೆ ಬರುವ ಪ್ರವಾಸಿಗರು: ಮಂಡ್ಯದ ನಾಲ್ಕು ತಾಲ್ಲೂಕುಗಳಲ್ಲಿ ಮರೆತುಹೋದ ಲೆಕ್ಕ

ಶಾಲೆಗಳಿಗೆ ರಜೆ ಬಂದಾಗ ಬೆಂಗಳೂರಿನ ಕುಟುಂಬವೊಂದು ನೀರಿರುವ ಊರಿಗೆ ಹೋಗಬೇಕೆಂದು ಹೊರಟರೆ ಅದರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ಘಟ್ಟ ಇಳಿದು ಕರಾವಳಿ ಸೇರುವುದು. ಇನ್ನೊಂದು, ಎರಡು ಗಂಟೆಯ ಪ್ರಯಾಣದಲ್ಲಿ ಶ್ರೀರಂಗಪಟ್ಟಣ ತಲುಪಿ ಅಲ್ಲಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳತ್ತ ಹೊರಳುವುದು. ಸಮುದ್ರವೊಂದನ್ನು ಬಿಟ್ಟರೆ ಕರಾವಳಿಗೆ ಹೋಗುವವರು ಬಯಸುವ ಬಹುತೇಕ ಎಲ್ಲವೂ ಈ ಎರಡನೆಯ ದಾರಿಯಲ್ಲಿವೆ. ಮರಳಿನ ದಂಡೆಯಿದೆ, ದೋಣಿಯಿದೆ, ಹರಿಗೋಲಿದೆ, ಹಕ್ಕಿಗಳಿವೆ, ಬೆಳಗಿನ ಹೊತ್ತು ಹತ್ತಿ ಇಳಿಯಬಹುದಾದ ಕುಂತಿಬೆಟ್ಟ ಮತ್ತು ಕರೀಘಟ್ಟಗಳಿವೆ, ಅಲೆಯೇಳದ ವಿಶಾಲ ಹಿನ್ನೀರಿದೆ.

ಆದರೆ ಎರಡು ದಾರಿಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಸಮುದ್ರದ ಉಬ್ಬರವಿಳಿತಕ್ಕೆ ಯಾವ ಕಚೇರಿಯ ಆದೇಶವೂ ಬೇಕಿಲ್ಲ. ಮಂಡ್ಯದ ನೀರು ಹಾಗಲ್ಲ. ಇಲ್ಲಿನ ನದಿ ಯಾವ ದಿನ ಶಾಂತವಾಗಿರಬೇಕು, ಯಾವ ದಿನ ಭೋರ್ಗರೆಯಬೇಕು ಎಂಬುದನ್ನು ಬಹುಮಟ್ಟಿಗೆ ಕೃಷ್ಣರಾಜಸಾಗರದ ಗೇಟುಗಳು ನಿರ್ಧರಿಸುತ್ತವೆ. ಗೇಟುಗಳನ್ನು ಯಾವಾಗ ತೆರೆಯಬೇಕೆಂಬುದನ್ನು ಮಳೆ, ರೈತರ ಬೆಳೆ ಮತ್ತು ತಮಿಳುನಾಡಿನ ಪಾಲು ನಿರ್ಧರಿಸುತ್ತವೆ. ಪ್ರವಾಸಿಗನ ಸರದಿ ಬರುವುದು ಇವೆಲ್ಲದರ ನಂತರ, ಮತ್ತು ಅದು ಹಾಗೆಯೇ ಇರುವುದು ನ್ಯಾಯ. ವರ್ಷದಿಂದ ವರ್ಷಕ್ಕೆ ಘೋಷಣೆಯಾಗುತ್ತಿರುವ ಪ್ರವಾಸೋದ್ಯಮ ಯೋಜನೆಗಳಲ್ಲಿ ಈ ಸರಳ ಸಂಗತಿಗೆ ಸ್ಥಾನ ಸಿಕ್ಕಿಲ್ಲ ಎಂಬುದೇ ಚಿಂತೆಯ ವಿಷಯ.

ಪ್ರಕೃತಿಯಲ್ಲ, ಕಟ್ಟೆ

ಈ ಭಾಗದ 'ಪ್ರಕೃತಿ ಸೌಂದರ್ಯ'ವೆಂದು ಕರಪತ್ರಗಳು ಬಣ್ಣಿಸುವ ಬಹುತೇಕ ತಾಣಗಳು ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಕಟ್ಟೆಗಳ ಕೊಡುಗೆ. ರಂಗನತಿಟ್ಟನ್ನೇ ನೋಡಬಹುದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಯಿಂದ ನಿಂತ ನೀರಿನಲ್ಲಿ ಇಲ್ಲಿನ ನಡುಗಡ್ಡೆಗಳು ರೂಪುಗೊಂಡವು. ಹಕ್ಕಿಗಳು ಆಮೇಲೆ ಬಂದವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೆಂಬ ಗೌರವವೂ ಇದಕ್ಕೆ ದೊರೆಯಿತು. ಕರಾವಳಿಯ ಅಘನಾಶಿನಿ ಅಳಿವೆಗೆ ಅದೇ ಮಾನ್ಯತೆ ಸಿಕ್ಕಿದ್ದು 2024ರಲ್ಲಿ.

ಬೆಳಗೊಳ ಸಮೀಪದ ಬಲಮುರಿಯನ್ನು ಜನ ಜಲಪಾತವೆಂದು ಕರೆಯುತ್ತಾರೆ. ವಾಸ್ತವದಲ್ಲಿ ಅದು ನದಿಗೆ ಅಡ್ಡವಿರುವ ಹಳೆಯ ಅಣೆಕಟ್ಟೆಯ ನೆತ್ತಿಯ ಮೇಲೆ ಹರಿದು ಬೀಳುವ ನೀರು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಬೆಟ್ಟಗಳ ನಡುವೆ ಹಾಕಿದ ಏರಿಯಿಂದಾದದ್ದು. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಕೆರೆಗೆ ಮೋತಿ ತಲಾಬ್ ಎಂಬ ಇನ್ನೊಂದು ಹೆಸರು ಬಂದದ್ದು 18ನೆಯ ಶತಮಾನದಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಮತ್ತು ಮಂದಗೆರೆಗಳಲ್ಲಿ ಹೇಮಾವತಿಯನ್ನು ತಡೆದು ನಿಲ್ಲಿಸಿದ ಅಣೆಗಳಿವೆ. ಇನ್ನು 1911ರಲ್ಲಿ ಆರಂಭವಾಗಿ 1930ರ ದಶಕದ ಹೊತ್ತಿಗೆ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯ ಬಗ್ಗೆ ಹೇಳಬೇಕಾದ್ದೇನೂ ಇಲ್ಲ. ಅದರ ಹಿನ್ನೀರು ಊರುಗಳನ್ನು ನುಂಗಿತು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಲಾಗಿದ್ದು, ಇಂದು ಸಂಜೆ ಹೊತ್ತು ಅಲ್ಲಿ ಸೇರುವ ಜನರಲ್ಲಿ ಅನೇಕರು ದೇವರಿಗಿಂತ ಹೆಚ್ಚಾಗಿ ಹಿನ್ನೀರನ್ನು ನೋಡಲು ಬಂದವರು.

ಅಂದರೆ ಇಲ್ಲಿ ನೋಡಲು ಸಿಗುವ ದೃಶ್ಯ ಪ್ರತಿ ವರ್ಷ ಒಂದೇ ಆಗಿರುವುದಿಲ್ಲ. 2023ರ ಬರದಲ್ಲಿ ಜಲಾಶಯ ತುಂಬಲಿಲ್ಲ. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶಗಳ ವಿರುದ್ಧ ಮಂಡ್ಯದಲ್ಲಿ ದಿನಗಟ್ಟಲೆ ಧರಣಿ ನಡೆಯಿತು. ಮರುವರ್ಷ ಜುಲೈ ಅಂತ್ಯದ ವೇಳೆಗೆ ನದಿಗೆ 1 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. 2025ರಲ್ಲಿ ಜೂನ್ ಮುಗಿಯುವುದರೊಳಗೇ ಮಟ್ಟ 124.80 ಅಡಿ ಮುಟ್ಟಿ, ಜೂನ್ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಪ್ರವಾಹದ ದಿನಗಳಲ್ಲಿ ರಂಗನತಿಟ್ಟಿನ ದೋಣಿಗಳು ದಡಕ್ಕೆ ಕಟ್ಟಿಕೊಳ್ಳುತ್ತವೆ, ಬಲಮುರಿಗೆ ಪ್ರವೇಶ ನಿಷೇಧವಾಗುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆತಂದವರಿಗೆ ಹಿನ್ನೀರು ದೂರ ಸರಿದು ಬಿರುಕುಬಿಟ್ಟ ನೆಲ ಕಾಣುತ್ತದೆ. ಆದರೆ ಅದೇ ಬೇಸಿಗೆಯ ಮೊದಲ ಭಾಗ ರಂಗನತಿಟ್ಟಿನಲ್ಲಿ ಗೂಡು ತುಂಬ ಮರಿಗಳಿರುವ ಕಾಲ. ದಸರೆಯಿಂದ ಸಂಕ್ರಾಂತಿಯವರೆಗಿನ ತಿಂಗಳುಗಳು, ಮಳೆ ಕೈಕೊಡದ ವರ್ಷಗಳಲ್ಲಿ, ಈ ನಾಲ್ಕೂ ತಾಲ್ಲೂಕುಗಳನ್ನು ನೋಡಲು ಅತ್ಯಂತ ಸೂಕ್ತ. ಈ ಮಾಹಿತಿ ಊರಿನವರಿಗೆಲ್ಲ ಗೊತ್ತು. ಹೊರಗಿನಿಂದ ಬರುವವರಿಗೆ ತಿಳಿಸುವ ವ್ಯವಸ್ಥೆ ಮಾತ್ರ ಕಾಣುವುದಿಲ್ಲ.

ಹಣ ಹೋಗುತ್ತಿರುವುದೆಲ್ಲಿಗೆ?

2018ರಲ್ಲಿ ಮೈತ್ರಿ ಸರ್ಕಾರದ ಜಲಸಂಪನ್ಮೂಲ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಅವರು ಕೆಆರ್‌ಎಸ್‌ನಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ ಹಾಗೂ 125 ಅಡಿ ಎತ್ತರದ ಕಾವೇರಿ ಮಾತೆಯ ಪ್ರತಿಮೆಯ ಪ್ರಸ್ತಾವವನ್ನು ಮುಂದಿಟ್ಟರು. ಸರ್ಕಾರ ಬಿದ್ದಾಗ ಯೋಜನೆಯೂ ಮೂಲೆ ಸೇರಿತು. ಅವರು ಉಪಮುಖ್ಯಮಂತ್ರಿಯಾದ ಬಳಿಕ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಸುಮಾರು 2,663 ಕೋಟಿ ರೂಪಾಯಿ ಅಂದಾಜಿನ ಯೋಜನೆಯಾಗಿ ಅದು 2024ರಲ್ಲಿ ಮರಳಿ ಬಂದಿತು. 2025ರಲ್ಲಿ ಗಂಗಾ ಆರತಿಯ ಮಾದರಿಯ ಕಾವೇರಿ ಆರತಿಗೆ 92 ಕೋಟಿ ರೂಪಾಯಿಯ ಯೋಜನೆ ಸಿದ್ಧವಾಯಿತು. ರೈತ ಸಂಘಟನೆಗಳು ಎರಡನ್ನೂ ವಿರೋಧಿಸಿದವು, ಆರತಿಯ ವಿವಾದ ಹೈಕೋರ್ಟ್ ಮೆಟ್ಟಿಲನ್ನೂ ಏರಿತು.

ರೈತರ ವಿರೋಧವನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ಸುಲಭ. ಅವರ ವಾದದಲ್ಲಿ ಹುರುಳಿದೆ ಎಂಬುದಕ್ಕೆ ನ್ಯಾಯಾಲಯದ ಕಡತವೇ ಸಾಕ್ಷಿ. ಅಣೆಕಟ್ಟೆಯ ಸುರಕ್ಷತೆಯ ದೃಷ್ಟಿಯಿಂದ ಅದರ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸದಂತೆ 2024ರ ಜನವರಿಯಲ್ಲಿ ಹೈಕೋರ್ಟ್ ತಡೆ ನೀಡಿತು. ಬೇಬಿ ಬೆಟ್ಟದ ಕಲ್ಲು ಸಿಡಿತದ ಬಗ್ಗೆ ಪಾಂಡವಪುರದ ಜನ ವರ್ಷಗಳಿಂದ ಹೇಳುತ್ತಿದ್ದ ಮಾತದು. ಅಷ್ಟು ಎಚ್ಚರಿಕೆ ಬೇಕಿರುವ ಕಟ್ಟೆಯ ಬುಡದಲ್ಲೇ ಭಾರಿ ನಿರ್ಮಾಣ ಮತ್ತು ಭಾರಿ ಜನಸಂದಣಿ ಏಕೆ ಎಂದು ಕೇಳಿದರೆ ಅದಕ್ಕೆ ಇಂಜಿನಿಯರುಗಳು ಉತ್ತರಿಸಬೇಕೇ ಹೊರತು ರಾಜಕಾರಣಿಗಳಲ್ಲ.

ಪ್ರವಾಸೋದ್ಯಮದ ದೃಷ್ಟಿಯಿಂದ ಇನ್ನೊಂದು ಪ್ರಶ್ನೆಯಿದೆ. ಬೃಂದಾವನಕ್ಕೆ ಜನ ಈಗಾಗಲೇ ಬರುತ್ತಿದ್ದಾರೆ. ಮೈಸೂರಿನ ಹೋಟೆಲಿನಲ್ಲಿ ಉಳಿದು, ಸಂಜೆ ಕಾರಂಜಿ ನೋಡಿ, ರಾತ್ರಿ ಊಟಕ್ಕೆ ಮತ್ತೆ ಮೈಸೂರಿಗೆ ಹೋಗುವವರೇ ಅವರಲ್ಲಿ ಹೆಚ್ಚು. ಅಲ್ಲಿಗೆ ಇನ್ನಷ್ಟು ಜನ ಬಂದರೆ ಹೊಸಹೊಳಲಿಗೋ ಕಂಬದಹಳ್ಳಿಗೋ ಆಗುವ ಲಾಭವೇನು? 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಅನುಭವ ಕಣ್ಣ ಮುಂದಿದೆ. ಶ್ರೀರಂಗಪಟ್ಟಣದ ಬೈಪಾಸ್‌ನಲ್ಲಿ ಸಾಗುವ ವಾಹನಗಳು ಪಟ್ಟಣದೊಳಕ್ಕೆ ಇಳಿಯಬೇಕಿಲ್ಲ. ಹಳೆಯ ರಸ್ತೆಯ ಬದಿಯ ಅಂಗಡಿಯವರಿಗೆ ಸಮಯ ಉಳಿತಾಯವೆಂಬುದು ನಷ್ಟದ ಇನ್ನೊಂದು ಹೆಸರಾಗಿದೆ.

ಶಾಂತ ನಾಲೆಯ ಮೃತ್ಯುಪಟ್ಟಿ

'ಶಾಂತ ಜಲಮಾರ್ಗ' ಎಂಬ ಮಾತನ್ನು ಕೇಳಿದಾಗ ಮಂಡ್ಯದವರಿಗೆ ಮೊದಲು ನೆನಪಾಗುವುದು ವಿಶ್ವೇಶ್ವರಯ್ಯ ನಾಲೆ. ನೋಡಲು ಅದರಷ್ಟು ಶಾಂತವಾದ ನೀರು ಇನ್ನೊಂದಿಲ್ಲ. ಎರಡೂ ಬದಿ ತೆಂಗು, ಕಬ್ಬು, ಭತ್ತದ ಗದ್ದೆ, ನಡುವೆ ಸದ್ದಿಲ್ಲದೆ ಸಾಗುವ ನೀರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ತಡೆಗೋಡೆಯ ಮಾತು ಅಂದೇ ಎದ್ದಿತು. 2023ರಲ್ಲಿ ಜುಲೈನಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ ಕಾರುಗಳು ನಾಲೆಗೆ ಬಿದ್ದು ಮತ್ತೆ ಸಾವುಗಳಾದವು. ತಡೆಗೋಡೆಯ ಮಾತು ಮತ್ತೆ ಎದ್ದಿತು.

ಬಲಮುರಿ, ಎಡಮುರಿ, ಸಂಗಮ, ಹಿನ್ನೀರಿನ ಅಂಚುಗಳಲ್ಲಿ ಈಜಲು ಇಳಿದವರ ಸಾವಿನ ಸುದ್ದಿಯನ್ನು ನಮ್ಮಂತಹ ವರದಿಗಾರರು ಎಷ್ಟು ಬಾರಿ ಬರೆದಿದ್ದೇವೆಂದರೆ, ಊರಿನ ಹೆಸರು ಮತ್ತು ವಯಸ್ಸು ಬಿಟ್ಟು ಉಳಿದ ವಾಕ್ಯಗಳು ಬಾಯಿಪಾಠವಾಗಿವೆ. ಸತ್ತವರಲ್ಲಿ ಹೆಚ್ಚಿನವರು ಹೊರಗಿನವರು, ಬಹಳ ಮಟ್ಟಿಗೆ ಕಾಲೇಜು ವಯಸ್ಸಿನವರು. ಅಣೆಕಟ್ಟೆಯ ಮೇಲೆ ಮೊಣಕಾಲುದ್ದ ಹರಿಯುವ ನೀರು ಕೆಳಗಿನ ಮಡುವಿನ ಆಳವನ್ನು ಹೇಳುವುದಿಲ್ಲ. ಪಾಚಿ ಕಟ್ಟಿದ ಕಲ್ಲು ಎಚ್ಚರಿಕೆ ಕೊಡುವುದಿಲ್ಲ. ಮೇಲೆ ಗೇಟು ತೆರೆದಿದ್ದು ಇಲ್ಲಿ ತಿಳಿಯುವ ಹೊತ್ತಿಗೆ ನೀರು ಬಂದಿರುತ್ತದೆ.

ಈ ವಿಷಯದಲ್ಲಿ ಕರಾವಳಿಯಿಂದ ಕಲಿಯಬೇಕಾದದ್ದಿದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಅದಕ್ಕಾಗಿ ಪೂರೈಸಬೇಕಾದ 33 ಮಾನದಂಡಗಳಲ್ಲಿ ನೀರಿನ ಪರೀಕ್ಷೆ, ಶೌಚಾಲಯ, ಕಸ ವಿಲೇವಾರಿ, ಜೀವರಕ್ಷಕರ ನೇಮಕ ಎಲ್ಲವೂ ಸೇರಿವೆ. ಕರಾವಳಿಯಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರ ಪಾಲಾದರು. ಆದರೂ ಕಡಲತೀರಕ್ಕೆ ಒಂದು ಅಳತೆಗೋಲು ಇದೆ. ಆ ಅಳತೆಗೆ ತಲುಪಲಿಲ್ಲವೆಂದು ಜನ ಕೇಳಬಹುದು. ಒಳನಾಡಿನ ನದಿ ದಂಡೆಗೆ ಅಂತಹ ಅಳತೆಗೋಲೇ ಇಲ್ಲ. ದುರಂತ ನಡೆದಾಗ ನಿಷೇಧಾಜ್ಞೆ ಹೊರಡುತ್ತದೆ, ಕೆಲವು ವಾರಗಳಲ್ಲಿ ಅದು ಮರೆತುಹೋಗುತ್ತದೆ. ನಿಷೇಧವನ್ನೇ ಸುರಕ್ಷತೆಯೆಂದು ಭಾವಿಸಿದ ಆಡಳಿತಕ್ಕೆ ಜೀವರಕ್ಷಕನ ಸಂಬಳ ದುಬಾರಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಸಂಗಮ ಮತ್ತು ಪಶ್ಚಿಮವಾಹಿನಿಯ ಸ್ಥಿತಿಯನ್ನೂ ಇಲ್ಲಿ ಹೇಳಲೇಬೇಕು. ಅಸ್ಥಿ ವಿಸರ್ಜನೆಗೆ ಬಂದವರು ಬಿಟ್ಟ ಬಟ್ಟೆ, ಮಡಕೆಗಳ ನಡುವೆಯೇ ಹರಿಗೋಲು ಹತ್ತುವವರು ದಾರಿ ಮಾಡಿಕೊಳ್ಳಬೇಕು. ಆರತಿ ಬೆಳಗಬೇಕಾದ ನದಿ ಇದೇ.

ಹಳಿ ಇದೆ, ಬಸ್ಸಿಲ್ಲ

ಕೆ.ಆರ್. ಪೇಟೆ ಮತ್ತು ನಾಗಮಂಗಲಗಳ ಸಮಸ್ಯೆ ಬೇರೆ. ಅಲ್ಲಿ ಜನಸಂದಣಿಯ ತೊಂದರೆಯಿಲ್ಲ, ಜನರ ಕೊರತೆಯಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅದೇ ಕಾಲದ, ಅದೇ ಶೈಲಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲವನ್ನು ಬೆಂಗಳೂರಿಗರಲ್ಲಿ ಎಷ್ಟು ಮಂದಿ ನೋಡಿದ್ದಾರೆ? ಅಲ್ಲಿಂದ ಮುಂದೆ ಕಿಕ್ಕೇರಿಯಿದೆ, ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ವರಾಹನಾಥ ಕಲ್ಲಹಳ್ಳಿಯ ಭೂವರಾಹಸ್ವಾಮಿಯಿದ್ದಾನೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಸೇರುವ ಅಂಬಿಗರಹಳ್ಳಿ-ಸಂಗಾಪುರದಲ್ಲಿ 2013 ಮತ್ತು 2022ರಲ್ಲಿ ಕುಂಭಮೇಳ ನಡೆಯಿತು. ನಾಗಮಂಗಲದಲ್ಲಿ ದೊಡ್ಡ ನದಿಯಿಲ್ಲದಿದ್ದರೂ ಸೌಮ್ಯಕೇಶವ ದೇವಾಲಯ, ಕಂಬದಹಳ್ಳಿಯ ಪಂಚಕೂಟ ಬಸದಿ, ಆದಿಚುಂಚನಗಿರಿಯ ಮಯೂರಧಾಮಗಳಿವೆ. ನಡೆದಾಡಲು ಇಷ್ಟಪಡುವವರಿಗೆ ಮೇಲುಕೋಟೆಯ ಬೆಟ್ಟಸಾಲು ಒಂದೇ ಸಾಕು. ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ ಅಭಯಾರಣ್ಯವೊಂದು ಅಲ್ಲಿರುವುದು ವೈರಮುಡಿಗೆ ಬರುವ ಲಕ್ಷಾಂತರ ಭಕ್ತರಲ್ಲಿ ಬಹಳ ಮಂದಿಗೆ ಗೊತ್ತಿರಲಾರದು.

ಗಮನಿಸಬೇಕಾದ ಸಂಗತಿಯೆಂದರೆ ನಾಲ್ಕೂ ತಾಲ್ಲೂಕುಗಳಲ್ಲಿ ರೈಲು ನಿಲ್ದಾಣಗಳಿವೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಮೈಸೂರು ಮಾರ್ಗದಲ್ಲಿವೆ. ಮೈಸೂರು-ಅರಸೀಕೆರೆ ಹಳಿಯ ಮೇಲೆ ಅಕ್ಕಿಹೆಬ್ಬಾಳು, ಮಂದಗೆರೆಗಳಿವೆ. ಎರಡೂ ಹೇಮಾವತಿಯ ನೆರೆಯ ಊರುಗಳು. 2017ರಲ್ಲಿ ಆರಂಭವಾದ ಬೆಂಗಳೂರು-ಹಾಸನ ಮಾರ್ಗ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಮೂಲಕ ಹಾದುಹೋಗುತ್ತದೆ. ಆದರೆ ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳು ಹಳಿಯಿಂದ ದೂರ. ಭಾನುವಾರ ಬೆಳಿಗ್ಗೆ ರೈಲಿನ ವೇಳೆಗೆ ಹೊಂದುವ ಎರಡು ಸಾರಿಗೆ ಬಸ್ಸುಗಳು ನಿಲ್ದಾಣದ ಮುಂದೆ ನಿಂತರೆ ಸಾಕು, ಸ್ವಂತ ಕಾರಿಲ್ಲದ ಕುಟುಂಬವೂ ಹೊಸಹೊಳಲು ಮತ್ತು ಕಲ್ಲಹಳ್ಳಿಯನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಇದಕ್ಕೆ ಕೋಟಿಗಳ ಲೆಕ್ಕ ಬೇಕಿಲ್ಲ. ಬಹುಶಃ ಆ ಕಾರಣಕ್ಕಾಗಿಯೇ ಯಾವ ಘೋಷಣೆಯಲ್ಲೂ ಇದು ಕಾಣಿಸಿಕೊಳ್ಳುವುದಿಲ್ಲ.

ಮುಂಗಾರಿಗೆ ನಾಲೆಗಳಿಗೆ ನೀರು ಹರಿಸುವ ಮುನ್ನ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದಾದರೆ ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ರೈತರಿಗೆ ತಿಳಿಯುತ್ತದೆ. ಹೊರಹರಿವು ಹೆಚ್ಚುವ ಸೂಚನೆಯಿದ್ದರೆ ಕಾವೇರಿ ನೀರಾವರಿ ನಿಗಮದ ಅಧಿಕಾರಿಗಳು ನದಿ ಪಾತ್ರದ ಜನರಿಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸುತ್ತಾರೆ. ಈ ಎರಡೂ ಮಾಹಿತಿ ಸರ್ಕಾರದ ಬಳಿಯೇ ಇರುವಂಥವು. ಇವನ್ನು ವಾರಕ್ಕೊಮ್ಮೆ ಪ್ರವಾಸೋದ್ಯಮ ಇಲಾಖೆ ಪಡೆದು ರಂಗನತಿಟ್ಟಿನ ಟಿಕೆಟ್ ಕೌಂಟರ್, ಬಲಮುರಿಯ ದಾರಿ, ಸಂಗಮದ ಮೆಟ್ಟಿಲು ಮತ್ತು ನಾಲ್ಕು ರೈಲು ನಿಲ್ದಾಣಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸಲಿ. ಬಲಮುರಿಯ ದಂಡೆಯಲ್ಲಿ ಇಬ್ಬರು ಈಜುಗಾರರನ್ನು ಸಂಬಳ ಕೊಟ್ಟು ನಿಲ್ಲಿಸುವ ಕೆಲಸವನ್ನು ಬೃಂದಾವನದ ಪ್ರವೇಶ ಶುಲ್ಕದ ಒಂದು ಪಾಲಿನಿಂದ ಈ ವರ್ಷವೇ ಆರಂಭಿಸಬಹುದು.