ಕೇಪು ಇಲ್ಲದ ಸ್ವಾವಲಂಬನೆ

ಮಾರುಕಟ್ಟೆಯಲ್ಲಿ ಒಂದು ವಸ್ತು ಸಿಗದೇ ಹೋದಾಗ ಅದನ್ನು ಮನೆಯಲ್ಲೇ ತಯಾರಿಸಿಕೊಳ್ಳೋಣ ಎಂಬ ಉತ್ಸಾಹ ಹುಟ್ಟುವುದು ಸಹಜ. ಆ ಉತ್ಸಾಹ ಲೆಕ್ಕಕ್ಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ 2020ರಲ್ಲಿ ಈ ಉತ್ಸಾಹ ಬಂದೂಕಿನ ಕಾಡತೂಸಿನತ್ತ ತಿರುಗಿತು. ಕೊರೋನಾ ಭೀತಿ, ಬೀದಿಗಿಳಿದ ಪ್ರತಿಭಟನೆಗಳು, ಅಧ್ಯಕ್ಷೀಯ ಚುನಾವಣೆ ಮೂರೂ ಒಂದೇ ವರ್ಷದಲ್ಲಿ ಕೂಡಿಬಂದವು. ಬಂದೂಕು ಖರೀದಿಗೆ ಮುನ್ನ ಎಫ್‌ಬಿಐ ಮೂಲಕ ನಡೆಯುವ ಪೂರ್ವಾಪರ ತಪಾಸಣೆಗಳ ಸಂಖ್ಯೆ 2019ರಲ್ಲಿ 2.84 ಕೋಟಿಯಷ್ಟಿದ್ದುದು 2020ರಲ್ಲಿ 3.97 ಕೋಟಿಗೆ ಏರಿತು. ಇವೆಲ್ಲ ಹೊಸ ಖರೀದಿಗಳೇನೂ ಅಲ್ಲ, ಪರವಾನಗಿಯ ಮರುಪರಿಶೀಲನೆಗಳೂ ಇದರಲ್ಲಿ ಸೇರಿವೆ. ಆದರೂ ಏರಿಕೆಯ ದಿಕ್ಕು ಸ್ಪಷ್ಟ. ಕೊರತೆಗೆ ಮುನ್ನ 18ರಿಂದ 20 ಸೆಂಟ್‌ಗೆ ದೊರೆಯುತ್ತಿದ್ದ ಒಂದು 9 ಎಂ.ಎಂ. ಕಾಡತೂಸು 2021ರ ಆರಂಭದಲ್ಲಿ 70 ಸೆಂಟ್ ದಾಟಿತು. ಅನೇಕ ಊರುಗಳಲ್ಲಿ ಆ ಬೆಲೆಗೂ ಸಿಗಲಿಲ್ಲ. ಆಗ ಹಲವರು, ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕವಚವನ್ನು ಮನೆಯಲ್ಲೇ ಮತ್ತೆ ತುಂಬುವ ಯಂತ್ರಗಳನ್ನು ಕೊಂಡರು. ಅಲ್ಲಿ ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ಕಾನೂನುಬದ್ಧವಾದ, ದಶಕಗಳಿಂದ ನಡೆದುಬಂದಿರುವ ಹವ್ಯಾಸ ಅದು.

ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯನೊಬ್ಬ ವಾರಾಂತ್ಯದಲ್ಲಿ ಗುರಿ ಅಭ್ಯಾಸಕ್ಕೆ ಹೋಗುತ್ತಾನೆ. ‘ಮಾವ, ನೀವು ಅರ್ಥಶಾಸ್ತ್ರ ಓದಿದವರು. ಯಂತ್ರ ಕೊಂಡರೆ ಲಾಭವೋ ನಷ್ಟವೋ ಹೇಳಿ’ ಎಂದು ಆತ ಕೇಳಿದ್ದರಿಂದ ಈ ವಿಷಯದ ಬೆನ್ನು ಹತ್ತಿದೆ. ಸೇವೆಯಲ್ಲಿದ್ದಾಗ ಆಯುಧ ಪರವಾನಗಿಯ ಕಡತಗಳನ್ನು ನೋಡಿದ್ದೇನೆಯೇ ಹೊರತು ನಾನು ಕೋವಿ ಹಾರಿಸಿದವನಲ್ಲ. 2021ರ ಒಂದೇ ವರ್ಷದಲ್ಲಿ 48 ಸಾವಿರಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದ ದೇಶದಲ್ಲಿ ಬಂದೂಕು ಇಷ್ಟು ಸುಲಭವಾಗಿ ಸಿಗಬೇಕೇ ಎಂಬ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ. ಅದನ್ನು ಇಲ್ಲಿ ಬದಿಗಿಡುತ್ತೇನೆ. ಆತ ಕೇಳಿದ್ದು ಲೆಕ್ಕದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಬಹುಪಾಲು ಜನರ ಮಟ್ಟಿಗೆ, ಈ ಕೆಲಸವನ್ನು ಹೊಸದಾಗಿ ಆರಂಭಿಸಲು ಕೊರತೆಯ ಕಾಲದಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ.

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆಯ ಕವಚ, ತುದಿಯಲ್ಲಿರುವ ಗುಂಡು, ಒಳಗಿನ ಹೊಗೆರಹಿತ ಮದ್ದು, ತಳದಲ್ಲಿ ಕೂರುವ ಪುಟ್ಟ ಪ್ರೈಮರ್. ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ಆ ಕೇಪು ಮಾಡುವ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಪೆಟ್ಟು ಬಿದ್ದೊಡನೆ ಕಿಡಿ ಹಾರಿಸಿ ಮದ್ದನ್ನು ಹೊತ್ತಿಸುವುದು ಅದರ ಕೆಲಸ. ಈ ನಾಲ್ಕರಲ್ಲಿ ಮರಳಿ ಬಳಸಬಹುದಾದದ್ದು ಕವಚವೊಂದೇ. ಉಳಿದ ಮೂರನ್ನೂ ಪ್ರತಿ ಸಲ ಕೊಳ್ಳಲೇಬೇಕು. ಹಠ ಹಿಡಿದವರು ಸೀಸ ಕರಗಿಸಿ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯಬಲ್ಲರು. ಆದರೆ ಮದ್ದನ್ನಾಗಲಿ ಪ್ರೈಮರನ್ನಾಗಲಿ ಮನೆಯಲ್ಲಿ ಮಾಡುವಂತಿಲ್ಲ. ಪ್ರೈಮರ್‌ನೊಳಗಿನ ವಸ್ತು ಸಣ್ಣ ತಾಗುವಿಕೆಗೂ ಸಿಡಿಯುವ ಸ್ಫೋಟಕ, ಕೈಬೆರಳು ಮತ್ತು ಕಣ್ಣಿನ ಮೇಲೆ ಆಸೆಯಿರುವ ಯಾರೂ ಅದಕ್ಕೆ ಕೈಹಾಕಬಾರದು. ಹೀಗಾಗಿ ಮನೆಯ ಮೇಜಿನ ಮೇಲೆ ನಡೆಯುವುದು ತಯಾರಿಕೆಯಲ್ಲ, ಜೋಡಣೆ.

ಈ ಪ್ರೈಮರನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುವವರು ಯಾರು? ಸಿಸಿಐ, ಫೆಡರಲ್, ರೆಮಿಂಗ್ಟನ್, ವಿಂಚೆಸ್ಟರ್ ಎಂಬ ನಾಲ್ಕು ಹೆಸರುಗಳು ಅಂಗಡಿಯಲ್ಲಿ ಕಾಣುತ್ತವೆ. ನಾಲ್ಕು ಹೆಸರು ಎಂದರೆ ನಾಲ್ಕು ಒಡೆಯರು ಎಂದು ಭಾವಿಸಬೇಕಿಲ್ಲ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಅದರ ಮದ್ದುಗುಂಡು ವಿಭಾಗವನ್ನು ಕೊಂಡದ್ದು ಸಿಸಿಐ ಮತ್ತು ಫೆಡರಲ್‌ಗಳ ಒಡೆತನ ಹೊಂದಿದ್ದ ವಿಸ್ಟಾ ಔಟ್‌ಡೋರ್ ಸಂಸ್ಥೆ. 2024ರ ನವೆಂಬರ್‌ನಲ್ಲಿ ಈ ಮೂರೂ ಒಟ್ಟಾಗಿ ಜೆಕ್ ಗಣರಾಜ್ಯದ ಸಿಎಸ್‌ಜಿ ಸಮೂಹದ ಕೈ ಸೇರಿದವು. ವಿಂಚೆಸ್ಟರ್ ಓಲಿನ್ ಕಂಪನಿಯದು. ಇಷ್ಟು ಕೇಂದ್ರೀಕೃತವಾದ ಮಾರುಕಟ್ಟೆ ಸಿಮೆಂಟಿನಲ್ಲೂ ಅಪರೂಪ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಕಂಪನಿಗಳು ಪ್ರೈಮರ್ ಮಾರುವವು ಮಾತ್ರವಲ್ಲ, ಸಿದ್ಧ ಕಾಡತೂಸನ್ನೂ ಮಾರುವವು. ಕೊರತೆಗೆ ಮುನ್ನ ಬಿಡಿಯಾಗಿ ಮಾರಿದರೆ ಮೂರು ನಾಲ್ಕು ಸೆಂಟ್ ತರುತ್ತಿದ್ದ ಪ್ರೈಮರನ್ನು ತನ್ನದೇ ಕಾಡತೂಸಿನೊಳಗಿಟ್ಟು ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರಬಹುದಾದಾಗ ಯಾವ ಕಾರ್ಖಾನೆ ಬಿಡಿ ಮಾರಾಟಕ್ಕೆ ಆದ್ಯತೆ ಕೊಟ್ಟೀತು? ಆದ್ದರಿಂದ ಕೊರತೆ ಬಂದಾಗ ಅಂಗಡಿಯಿಂದ ಮೊದಲು ಮಾಯವಾಗುವುದು ಬಿಡಿ ಪ್ರೈಮರ್. ಕಟ್ಟಕಡೆಗೆ ಮರಳುವುದೂ ಅದೇ. ಕಾಡತೂಸು ಸಿಗುತ್ತಿಲ್ಲವೆಂದು ಮನೆಯಲ್ಲಿ ತುಂಬಲು ಹೊರಟವನು, ತಾನು ಯಾವ ಕಾರ್ಖಾನೆಯ ಬಾಗಿಲಿನಿಂದ ಬರಿಗೈಲಿ ಮರಳಿದನೋ ಅದೇ ಕಾರ್ಖಾನೆಯ ಹಿತ್ತಲ ಬಾಗಿಲಲ್ಲಿ ಹೋಗಿ ನಿಂತಿರುತ್ತಾನೆ.

ಹಾಗಾದರೆ ಹೊಸ ಕಾರ್ಖಾನೆಗಳು ಏಕೆ ಬರಲಿಲ್ಲ ಎಂದು ಕೇಳಬಹುದು. 2008ರ ಚುನಾವಣೆಯ ನಂತರ, 2012ರ ಡಿಸೆಂಬರ್‌ನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ, ಹೀಗೆ ಬಂದೂಕಿಗೆ ನಿರ್ಬಂಧ ಬಂದೀತೆಂಬ ಭಯ ಹುಟ್ಟಿದಾಗಲೆಲ್ಲ ಜನ ಮುಗಿಬಿದ್ದು ಕೊಂಡಿದ್ದಾರೆ. ಭಯ ಇಳಿದೊಡನೆ ಬೇಡಿಕೆಯೂ ಇಳಿದಿದೆ. 2016ರ ಚುನಾವಣೆಯ ಬಳಿಕ ಮಾರಾಟ ಕುಸಿದು 2018ರಲ್ಲಿ ರೆಮಿಂಗ್ಟನ್ ಮೊದಲ ಬಾರಿಗೆ ದಿವಾಳಿ ಅರ್ಜಿ ಹಾಕಿತು. ಇದನ್ನು ಕಣ್ಣಾರೆ ಕಂಡ ಉದ್ಯಮ ಎರಡು ವರ್ಷದ ಭೀತಿಗಾಗಿ ದಶಕಗಳ ಕಾಲ ಬಾಳುವ ಸ್ಥಾವರ ಹಾಕುವುದಿಲ್ಲ. ಇಟಲಿ, ಬೋಸ್ನಿಯಾ, ಅರ್ಜೆಂಟೀನಾಗಳಿಂದ ಪ್ರೈಮರ್ ಆಮದಾದದ್ದು ನಿಜ, ಆದರೆ ಹಸಿವಿಗೆ ಅದು ಸಾಲಲಿಲ್ಲ. ಕೊರತೆಗೆ ಮುನ್ನ ಸಾವಿರಕ್ಕೆ 30ರಿಂದ 40 ಡಾಲರ್ ಇದ್ದ ಪ್ರೈಮರ್, ಖಾಸಗಿ ಮಾರಾಟಗಳಲ್ಲಿ 100 ಡಾಲರ್ ದಾಟಿ ಕೆಲವೆಡೆ ಅದರ ದುಪ್ಪಟ್ಟಿಗೂ ಹೋಯಿತು. ಒಟ್ಟು ವೆಚ್ಚದಲ್ಲಿ ಚಿಕ್ಕ ಪಾಲು ಹೊಂದಿರುವ, ಆದರೆ ಬದಲಿ ಇಲ್ಲದ ಘಟಕ ಎಷ್ಟು ಬೇಕಾದರೂ ಬೆಲೆ ಏರಿಸಿಕೊಳ್ಳಬಲ್ಲದು ಎಂಬುದನ್ನು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಗಾರೆ ಕೆಲಸದವರ ಉದಾಹರಣೆ ಕೊಟ್ಟು ವಿವರಿಸಿದ್ದರು. ನಾನು ಎಂ.ಎ. ಓದುವಾಗ ಆ ಅಧ್ಯಾಯ ಒಣಕಲು ಎನಿಸಿತ್ತು.

ಈಗ ನನ್ನ ಸೋದರಳಿಯನ 9 ಎಂ.ಎಂ. ಪಿಸ್ತೂಲಿನ ಲೆಕ್ಕಕ್ಕೆ ಬರೋಣ. ಇಲ್ಲಿನ ಅಂಕಿಗಳು ಸ್ಥೂಲವಾದವು. ಊರಿಂದೂರಿಗೆ ಒಂದೆರಡು ಸೆಂಟ್ ವ್ಯತ್ಯಾಸವಿರುತ್ತದೆ. ಕೊರತೆಗೆ ಮುನ್ನ ಪ್ರೈಮರ್‌ಗೆ 3 ಸೆಂಟ್, ಮದ್ದಿಗೆ 2, ಗುಂಡಿಗೆ 8 ಅಥವಾ 9 ಎಂದರೆ ಒಂದಕ್ಕೆ 13ರಿಂದ 14 ಸೆಂಟ್ ತಗಲುತ್ತಿತ್ತು. ಅಂಗಡಿಯ ಬೆಲೆಗೆ ಹೋಲಿಸಿದರೆ ಉಳಿತಾಯ 5 ಅಥವಾ 6 ಸೆಂಟ್. ಸಾಧಾರಣ ಯಂತ್ರ, ತಕ್ಕಡಿ, ಅಚ್ಚುಗಳಿಗೆ 400 ಡಾಲರ್ ಹಿಡಿದರೆ ಆ ಬಂಡವಾಳ ಮರಳಲು ಏಳು ಸಾವಿರಕ್ಕೂ ಹೆಚ್ಚು ಕಾಡತೂಸು ತುಂಬಬೇಕು. ಸಾಧಾರಣ ಯಂತ್ರದಲ್ಲಿ ಗಂಟೆಗೆ 75ರಂತೆ ಹೆಚ್ಚುಕಡಿಮೆ ನೂರು ಗಂಟೆಗಳ ದುಡಿಮೆ ಅದು.

ಕೊರತೆಯ ಉತ್ತುಂಗದಲ್ಲಿ ಇದೇ ಲೆಕ್ಕ ಕಾಗದದ ಮೇಲೆ ಬಹಳ ಸೊಗಸಾಗಿ ಕಾಣುತ್ತದೆ, ಮೋಸವಿರುವುದೇ ಅಲ್ಲಿ. ಪ್ರೈಮರ್ 15 ಸೆಂಟ್ ಆಗಲಿ, ಮದ್ದು 3, ಗುಂಡು 12 ಆಗಲಿ. ಒಟ್ಟು 30 ಸೆಂಟ್. ಅಂಗಡಿಯಲ್ಲಿ 70. ಒಂದಕ್ಕೆ 40 ಸೆಂಟ್ ಉಳಿತಾಯ, ಸಾವಿರ ತುಂಬಿದರೆ ಯಂತ್ರ ಬಿಟ್ಟಿ! ಆದರೆ ಈ ಲೆಕ್ಕ ಮಾಡಿ ಯಂತ್ರ ಕೊಂಡವನು ಬಿಡಿಭಾಗಗಳನ್ನು ಕೂಡಿಹಾಕುವಷ್ಟರಲ್ಲಿ ತಿಂಗಳುಗಳು ಉರುಳಿದವು. ಕಾರ್ಖಾನೆಗಳು ಹೆಚ್ಚು ಬೇಡಿಕೆಯ 9 ಎಂ.ಎಂ. ತಯಾರಿಕೆಗೇ ಮೊದಲು ಗಮನ ಕೊಟ್ಟದ್ದರಿಂದ ಅದರ ಬೆಲೆ 2023ರ ಹೊತ್ತಿಗೆ 25 ಸೆಂಟ್ ಆಸುಪಾಸಿಗೆ ಇಳಿಯಿತು. ಬಿಡಿ ಪ್ರೈಮರ್ ಮಾತ್ರ ಆಗಲೂ 7–8 ಸೆಂಟ್‌ನಲ್ಲೇ ಉಳಿದಿತ್ತು. ಮನೆಯ ವೆಚ್ಚ 21 ಸೆಂಟ್ ಎಂದುಕೊಂಡರೆ ಉಳಿತಾಯ 4 ಸೆಂಟ್. ಯಂತ್ರದ ಬೆಲೆ ಮರಳಲು ಹತ್ತು ಸಾವಿರ ಕಾಡತೂಸು. ಅಂದರೆ ಕೊರತೆ ಮುಗಿದಾಗ ಆತನ ಸ್ಥಿತಿ ಕೊರತೆಗೆ ಮುಂಚಿನದಕ್ಕಿಂತಲೂ ಹಿಂದಕ್ಕೆ ಬಿದ್ದಿತ್ತು.

‘ನನ್ನ ಬಳಿ ಹಳೆಯ ದರದ ಪ್ರೈಮರ್ ದಾಸ್ತಾನಿದೆ, ನನಗೆ ಈಗಲೂ 14 ಸೆಂಟ್‌ಗೇ ಬೀಳುತ್ತದೆ’ ಎಂದು ಬೀಗುವವರ ವಾದವೂ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅಜ್ಜಿಯ ಕಾಸಿನ ಸರವನ್ನು ಇಂದು ಕರಗಿಸುವಾಗ ಅಂದಿನ ಚಿನ್ನದ ದರವನ್ನು ಯಾರೂ ಹಿಡಿಯುವುದಿಲ್ಲ. 15 ಸೆಂಟ್‌ಗೆ ಮಾರಬಹುದಾದ ಪ್ರೈಮರನ್ನು ಸುಟ್ಟರೆ ಸುಟ್ಟದ್ದು 15 ಸೆಂಟನ್ನೇ. ಅವರಿಗೆ ನಿಜವಾಗಿ ದೊರೆತದ್ದು ಅಗ್ಗದ ಕಾಡತೂಸಲ್ಲ, ಅಂಗಡಿ ಖಾಲಿಯಿದ್ದಾಗಲೂ ಅಭ್ಯಾಸ ಮುಂದುವರಿಸುವ ನಿಶ್ಚಿಂತೆ. ಅದಕ್ಕೂ ಬೆಲೆಯಿದೆ, ಅಲ್ಲಗಳೆಯಲಾರೆ. ಆದರೆ ಆ ನಿಶ್ಚಿಂತೆಯನ್ನು ಕೊಂಡದ್ದು ಕೊರತೆ ಬರುವುದಕ್ಕೆ ಮೊದಲು.

ಸಂಪೂರ್ಣ ಬೇರೆಯೇ ಆದ ಒಂದು ವರ್ಗವಿದೆ: ಜಿಂಕೆ ಬೇಟೆಗೆ ರೈಫಲ್ ಬಳಸುವವರು. ಕಾರ್ಖಾನೆಗಳು 9 ಎಂ.ಎಂ. ಮತ್ತು 5.56 ಎಂ.ಎಂ. ಹಿಂದೆ ಬಿದ್ದಾಗ ಬೇಟೆಯ ರೈಫಲ್‌ಗಳ, ಅದರಲ್ಲೂ ಹಳೆಯ ಅಳತೆಗಳ ಕಾಡತೂಸುಗಳು ಬೇಟೆಯ ಋತುವಿನಲ್ಲೇ ಸಿಗದಾದವು. ಇಂಥವನ ಲೆಕ್ಕ ನೋಡಿ. .308 ರೈಫಲ್‌ನ ಬೇಟೆಯ ಕಾಡತೂಸಿಗೆ ಒಂದೂವರೆ ಡಾಲರ್ ಎಂದುಕೊಂಡರೆ, ಮನೆಯಲ್ಲಿ ತುಂಬಿದ್ದಕ್ಕೆ 70 ಸೆಂಟ್ ಸುತ್ತಮುತ್ತ. ಪ್ರೈಮರ್ 3 ಸೆಂಟ್‌ನಿಂದ 15ಕ್ಕೆ ಜಿಗಿದರೂ ಅವನ ವೆಚ್ಚ 82 ಸೆಂಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಆತನಿಗೆ ವರ್ಷಕ್ಕೆ ಬೇಕಾದದ್ದು ಹೆಚ್ಚೆಂದರೆ 40. ಒಂದು ಪೌಂಡ್ ಮದ್ದಿನಲ್ಲಿ 150ಕ್ಕೂ ಮಿಗಿಲಾಗಿ ತುಂಬಬಹುದು, ನೂರು ಪ್ರೈಮರ್‌ಗಳ ಒಂದು ಚಿಕ್ಕ ಪೆಟ್ಟಿಗೆ ಎರಡು ವರ್ಷಕ್ಕೆ ಸಾಕು. ಒಂದೇ ಕವಚವನ್ನು ಐದಾರು ಸಲವಾದರೂ ಬಳಸಬಹುದು. ಇವನಿಗೆ ಮರುಭರ್ತಿ ಕೊರತೆಯ ಕಾಲದಲ್ಲೂ ನಿಸ್ಸಂದೇಹವಾಗಿ ಲಾಭದಾಯಕ. ವಿಚಿತ್ರವೆಂದರೆ ಕೊರತೆ ಬಂದಾಗ ಯಂತ್ರ ಕೊಳ್ಳಲು ಓಡುವವರಲ್ಲಿ ಹೆಚ್ಚಿನವರು ವಾರಕ್ಕೆ ಇನ್ನೂರು ಗುಂಡು ಸುಡುವ ಪಿಸ್ತೂಲಿನವರು. ಇನ್ನು ಅತ್ಯಂತ ಅಗ್ಗದ, ಹೊಸಬರೆಲ್ಲ ಅಭ್ಯಾಸಕ್ಕೆ ಬಳಸುವ .22 ಕಾಡತೂಸಿಗೆ ಈ ದಾರಿಯೇ ಇಲ್ಲವೆನ್ನಬೇಕು. ಅದರ ಸ್ಫೋಟಕ ಕವಚದ ಅಂಚಿನಲ್ಲೇ ಅಡಗಿರುವುದರಿಂದ ಒಮ್ಮೆ ಹಾರಿಸಿದ ಮೇಲೆ ಎಸೆಯಬೇಕಾದದ್ದೇ.

ಹಣಕ್ಕಿಂತ ಗಂಭೀರವಾದ ಮಾತೊಂದನ್ನು ಹೇಳಲೇಬೇಕು. ಮದ್ದಿನ ತಯಾರಕರು ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂಬ ಪರೀಕ್ಷಿತ ಕೋಷ್ಟಕಗಳನ್ನು ಪ್ರಕಟಿಸುತ್ತಾರೆ. ಕೊರತೆಯ ದಿನಗಳಲ್ಲಿ ಕೋಷ್ಟಕದಲ್ಲಿರುವ ಮದ್ದು ಸಿಗುವುದಿಲ್ಲ, ಬೇರೆ ಯಾವುದೋ ಸಿಗುತ್ತದೆ. ‘ಇದೂ ಹೆಚ್ಚುಕಡಿಮೆ ಅದೇ’ ಎಂದು ಹೊಸಬ ತುಂಬಿದರೆ ಕೋವಿಯೇ ಕೈಯಲ್ಲಿ ಒಡೆಯಬಹುದು. ಪಿಸ್ತೂಲಿನ ಅನೇಕ ಮದ್ದುಗಳಲ್ಲಿ ಎರಡು ಅಳತೆ ಬಿದ್ದರೂ ಕವಚದೊಳಗೆ ಹಿಡಿಸುತ್ತದೆ ಎಂಬುದು ಈ ಕಸುಬಿನ ಹಳಬರು ಮತ್ತೆ ಮತ್ತೆ ಎಚ್ಚರಿಸುವ ಸಂಗತಿ. ಅನುಭವವೂ ಇಲ್ಲದೆ, ಸರಿಯಾದ ಸಾಮಗ್ರಿಯೂ ಇಲ್ಲದೆ, ಅವಸರದಲ್ಲಿ ಕಲಿಯುವ ವಿದ್ಯೆ ಇದಲ್ಲ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರಾಟಕ್ಕೆ ತಯಾರಿಸಿದರೆ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ‘ಮದ್ದುಗುಂಡು’ ಎಂದೇ ಪರಿಗಣಿಸುತ್ತದೆ. ತಯಾರಿಕೆಗೆ ಪ್ರತ್ಯೇಕ ಪರವಾನಗಿ ಅಗತ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು, ಮನೆಯಲ್ಲಿ ಕಾಡತೂಸು ತಯಾರಿಸುವುದಕ್ಕಲ್ಲ. ಅಮೆರಿಕದಿಂದ ರಜೆಗೆ ಬರುವ ನಮ್ಮ ಹುಡುಗರು ಯಂತ್ರದ ಬಿಡಿಭಾಗವೊಂದನ್ನು ಪೆಟ್ಟಿಗೆಯಲ್ಲಿ ಮರೆತು ತಂದರೂ ವಿಮಾನ ನಿಲ್ದಾಣದಲ್ಲಿ ವಿವರಿಸುವುದು ಕಷ್ಟವಾದೀತು.

ಪ್ರೈಮರ್ ಮತ್ತೆ ಅಂಗಡಿಗೆ ಬರತೊಡಗಿದ ಮೇಲಾದರೂ ಅಲ್ಲಿನ ಹವ್ಯಾಸಿಗಳ ಚಿಂತೆ ಮುಗಿಯಿತೇ? ಹೊಗೆರಹಿತ ಮದ್ದಿನ ಜೀವಾಳ ನೈಟ್ರೊಸೆಲ್ಯುಲೋಸ್. ಜಿನ್ನಿಂಗ್ ಆದ ಮೇಲೂ ಹತ್ತಿಯ ಬೀಜಕ್ಕೆ ಅಂಟಿಕೊಂಡು ಉಳಿಯುವ ಗಿಡ್ಡ ಎಳೆಗಳು ಅದರ ಒಂದು ಮುಖ್ಯ ಕಚ್ಚಾವಸ್ತು. ರಾಯಚೂರಿನ ಹತ್ತಿ ಮಂಡಿ ಬಲ್ಲವರು ಇದನ್ನು ನೋಡಿರುತ್ತಾರೆ. ಯುರೋಪ್ ಈ ಎಳೆಗಳ ಬಹುಪಾಲನ್ನು ಚೀನಾದಿಂದ ತರಿಸಿಕೊಳ್ಳುತ್ತಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಫಿರಂಗಿಗಳ ಹಸಿವು ಬೆಳೆದು ನೈಟ್ರೊಸೆಲ್ಯುಲೋಸ್‌ಗೆ ಜಗತ್ತಿನಾದ್ಯಂತ ಅಭಾವ ತಲೆದೋರಿತು. 2024ರಲ್ಲಿ ಅಮೆರಿಕದ ಪ್ರಮುಖ ಮದ್ದಿನ ಹೆಸರುಗಳಲ್ಲೊಂದಾದ ಅಲಯಂಟ್, ಹವ್ಯಾಸಿಗಳಿಗೆ ಮಾರುವ ಡಬ್ಬಿಗಳ ರವಾನೆಯನ್ನು ಇದೇ ಕಾರಣ ನೀಡಿ ಸ್ಥಗಿತಗೊಳಿಸಿತು. ಮೂರು ವರ್ಷ ಕಾದು ಪ್ರೈಮರ್ ಕೂಡಿಸಿಕೊಂಡವರು ಈ ಬಾರಿ ಮದ್ದಿಗಾಗಿ ಸಾಲಿನಲ್ಲಿ ನಿಂತರು.